ಚಹಾದ ಕಪ್ಪಿನಲ್ಲಿ ನಮ್ಮ ಹೊಲದ ವಾಸನೆ ಹೇಗೆ ಬಂತು?

ಕಳೆದ ಎಳ್ಳ ಅಮಾವಾಸ್ಯೆಗೆ ಜೇವರ್ಗಿ ಕಡೆಯ ನಮ್ಮ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ. ಅದರ ಜೊತೆ ನಾನು ಒಂದು ಪುಟ್ಟ ತಗಡಿನ ಡಬ್ಬಿಯನ್ನೂ ಇಟ್ಟುಕೊಂಡಿದ್ದೆ. ಬೆಂಗಳೂರಿನಲ್ಲಿರುವ ತಂಗಿ ಕಳಿಸಿದ ಚೀನಾದ ಚಹಾ ಅದು. ಹೆಸರು ಲ್ಯಾಪ್ಸಾಂಗ್ ಸೂಚಾಂಗ್. ಡಬ್ಬಿಯ ಮೇಲೆ ಅದರ ರುಚಿಯ ವರ್ಣನೆ ಇತ್ತು: ಪೈನ್ ಕಾಡು, ಮಂಜು ಬಿದ್ದ ರಾತ್ರಿ, ಗುಡ್ಡದ ಮೇಲಿನ ಮರದ ಮನೆ. ಮೂರೂ ನಾವು ಕಂಡ ಜಾಗಗಳಲ್ಲ.

ಊಟ ಆದ ಮೇಲೆ ಬನ್ನಿ ಮರದ ಕೆಳಗೆ ಕುಳಿತು, ಥರ್ಮಾಸ್‌ನಲ್ಲಿ ತಂದ ಬಿಸಿನೀರಿಗೆ ಎಲೆ ಹಾಕಿದೆ. ನಾಲ್ಕು ನಿಮಿಷ ಬಿಟ್ಟು ಸೋಸಿ ಅವ್ವನ ಕೈಗೆ ಬಸಿಯಲ್ಲಿ ಕೊಟ್ಟೆ. ಹಾಲಿಲ್ಲ, ಸಕ್ಕರೆ ಇಲ್ಲ. ಅವ್ವ ಒಂದು ಗುಟುಕು ಎಳೆದು ಸ್ವಲ್ಪ ಹೊತ್ತು ಸುಮ್ನೆ ಕುಳಿತಳು. ಆಮೇಲೆ ಹೇಳಿದಳು: "ತಮ್ಮಾ, ಇದರಾಗ ತೊಗರಿ ಕಟಗಿ ಒಲಿ ಮ್ಯಾಲ ಕಾಸಿದ ಹಾಲಿನ ವಾಸ್ನಿ ಅದ ನೋಡು."

ನನಗೆ ಮೈ ಜುಮ್ಮೆಂದಿತು. ಆ ವಾಸನೆ ನನಗೂ ಗೊತ್ತು. ಅಜ್ಜಿಯ ಮನೆಯಲ್ಲಿ ಸಂಜೆ ಹಾಲು ಕಾಸುವಾಗ ಅಡುಗೆಮನೆಯಿಂದ ಪಡಸಾಲೆಯವರೆಗೂ ಬರುತ್ತಿತ್ತು. ಅವ್ವ ಹೇಳಿದ್ದು ಬರೀ ನೆನಪಿನ ಮಾತು ಎಂದು ನಾನು ಮೊದಲು ಅಂದುಕೊಂಡಿದ್ದೆ. ಓದುತ್ತ ಹೋದ ಹಾಗೆ ಗೊತ್ತಾಯಿತು, ಅದು ರಸಾಯನಶಾಸ್ತ್ರದ ಲೆಕ್ಕದಲ್ಲೂ ಸರಿಯಾದ ಮಾತು.

ಲ್ಯಾಪ್ಸಾಂಗ್ ಸೂಚಾಂಗ್ ಬರುವುದು ಚೀನಾದ ಫೂಜಿಯನ್ ಪ್ರಾಂತ್ಯದ ವುಯಿ ಬೆಟ್ಟಗಳಿಂದ. ಅಲ್ಲಿ ಚಹಾ ಎಲೆಯನ್ನು ಪೈನ್ ಕಟ್ಟಿಗೆಯ ಬೆಂಕಿಯ ಹೊಗೆಯಲ್ಲಿ ಒಣಗಿಸುತ್ತಾರೆ. ಯಾವ ಮರವೇ ಆಗಲಿ, ಅದಕ್ಕೆ ಗಟ್ಟಿತನ ಕೊಡುವುದು ಲಿಗ್ನಿನ್ ಎಂಬ ವಸ್ತು. ಪೈನ್ ಮರದಲ್ಲೂ ಇದೆ, ತೊಗರಿ ಗಿಡದ ಕಾಂಡದಲ್ಲೂ ಇದೆ. ಲಿಗ್ನಿನ್ ಸುಟ್ಟಾಗ ಗ್ವಾಯಕಾಲ್ ಎಂಬ ವಸ್ತು ಹೊಗೆಯಲ್ಲಿ ಹೊರಬರುತ್ತದೆ. ನಾವು 'ಹೊಗೆ ವಾಸನೆ' ಎನ್ನುವುದರಲ್ಲಿ ದೊಡ್ಡ ಪಾಲು ಇದರದ್ದೇ. ವುಯಿ ಬೆಟ್ಟದಲ್ಲಿ ಇದು ಎಲೆಗೆ ಅಂಟುತ್ತದೆ, ಅಜ್ಜಿಯ ಮನೆಯಲ್ಲಿ ಹಾಲಿನ ಕೆನೆಗೆ ಅಂಟುತ್ತಿತ್ತು. ಪೈನ್ ಮರದಲ್ಲಿ ರಾಳ ಇರುವುದರಿಂದ ಆ ಚಹಾಕ್ಕೆ ಇನ್ನೊಂದು ಘಾಟೂ ಸೇರುತ್ತದೆ.

ಆ ದಿನದಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಚಹಾದ ರುಚಿ ಹೇಳುವಾಗ ಎಲ್ಲರೂ ಯಾಕೆ ಬಯಲಿನ ಮಾತನ್ನೇ ಆಡುತ್ತಾರೆ? ಕತ್ತರಿಸಿದ ಹುಲ್ಲು, ಮಳೆ ಬಿದ್ದ ಮಣ್ಣು, ಹೂದೋಟ, ಕಡಲು, ಒಣ ಎಲೆ, ಹೊಗೆ. ಇದು ಮಾರಾಟಗಾರರ ಕಲ್ಪನೆಯೇ? ಪೂರ್ತಿ ಹಾಗಲ್ಲ. ಬಯಲಿನಲ್ಲಿ ಮೂಗಿಗೆ ತಾಕುವ ಎಷ್ಟೋ ವಸ್ತುಗಳು ನಿಜವಾಗಿಯೂ ಕಪ್ಪಿನೊಳಗೆ ಇರುತ್ತವೆ. ಆದರೆ ಅವಕ್ಕೆ ಇಟ್ಟ ಹೆಸರುಗಳು ಬೇರೆಯವರ ಬಯಲಿನವು. ನಮ್ಮ ಎರಿ ಹೊಲದಿಂದಲೂ, ಬೀದರಿನ ಕೆಂಪು ಕಲ್ಲಿನಿಂದಲೂ ಹೆಸರು ಕೊಡಬಹುದು. ಹಾಗೆ ಕೊಟ್ಟರೆ ಚಹಾ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ನನ್ನ ನಂಬಿಕೆ.

ನಾಲಿಗೆಗಿಂತ ಮೂಗು ದೊಡ್ಡದು

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮೂಗನ್ನು ಬೆರಳಿನಿಂದ ಮುಚ್ಚಿಕೊಂಡು ಒಂದು ಗುಟುಕು ಕರಿ ಚಹಾ ಕುಡಿಯಿರಿ. ಬಿಸಿ ಗೊತ್ತಾಗುತ್ತದೆ, ಸ್ವಲ್ಪ ಕಹಿ, ಸ್ವಲ್ಪ ಒಗರು. ಅಷ್ಟೇ. ಈಗ ಬೆರಳು ತೆಗೆಯಿರಿ. ತಟ್ಟನೆ 'ಚಹಾ' ಬರುತ್ತದೆ.

ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಬೇಳೆಕಟ್ಟಿನ ಸವಿಯಂಥ ಉಮಾಮಿ. ಒಗರು ರುಚಿಯ ಲೆಕ್ಕಕ್ಕೆ ಬರುವುದಿಲ್ಲ. ಅದು ಸ್ಪರ್ಶ. ಚಹಾದ ಕೆಟಚಿನ್‌ನಂಥ ವಸ್ತುಗಳು ಜೊಲ್ಲಿನ ಪ್ರೋಟೀನ್‌ಗೆ ಅಂಟಿಕೊಂಡು ಬಾಯಿಯ ಜಾರುತನ ಕಡಿಮೆ ಮಾಡುತ್ತವೆ. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಅದೇ. ಉಳಿದದ್ದೆಲ್ಲ ಪರಿಮಳ. ಅದು ಗಂಟಲ ಹಿಂಬದಿಯಿಂದ ಮೇಲೇರಿ ಮೂಗಿಗೆ ಮುಟ್ಟುತ್ತದೆ.

ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ವಾಸನೆ ಗ್ರಾಹಕಗಳಿವೆ. ಇವುಗಳ ರಹಸ್ಯ ಬಿಡಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಕಣ್ಣು, ಕಿವಿಯ ಸುದ್ದಿ ಮಿದುಳಿಗೆ ಹೋಗುವಾಗ ಮಧ್ಯೆ ಥಲಾಮಸ್ ಎಂಬ ನಿಲ್ದಾಣದಲ್ಲಿ ಇಳಿದು ಹೋಗುತ್ತದೆ. ವಾಸನೆ ಹಾಗಲ್ಲ. ನೆನಪು ಮತ್ತು ಭಾವನೆ ಕೆಲಸ ಮಾಡುವ ಭಾಗಗಳಿಗೆ ಅದರ ದಾರಿ ಬಹಳ ಹತ್ತಿರ. ಆದ್ದರಿಂದಲೇ ಹೆಸರು ಹೊಳೆಯುವ ಮೊದಲೇ ಊರು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅವ್ವ ಗುಟುಕು ಎಳೆದು ಸುಮ್ಮನೆ ಕುಳಿತಿದ್ದಳಲ್ಲ, ಆಗ ಅವಳು ತನ್ನ ತವರಿನ ಒಲೆಯ ಮುಂದೆ ಇದ್ದಳು ಎಂದೇ ನನಗೆ ಅನಿಸುತ್ತದೆ.

ಅವ್ವ ಬಸಿಯಲ್ಲಿ ಕುಡಿದಿದ್ದೂ ಒಳ್ಳೆಯದೇ ಆಯಿತು. ಬಸಿಯಲ್ಲಿ ಚಹಾ ಬೇಗ ಆರುತ್ತದೆ. ಸೊರ್ ಎಂದು ಎಳೆದಾಗ ಗಾಳಿಯೂ ಸೇರಿ ಪರಿಮಳ ಮೂಗಿನ ಕಡೆಗೆ ಏಳುತ್ತದೆ. ಚಹಾ ಕಂಪನಿಗಳಲ್ಲಿ ರುಚಿ ನೋಡುವುದನ್ನೇ ಕೆಲಸ ಮಾಡಿಕೊಂಡವರು ಸಹ ಚಮಚದಿಂದ ಹೀಗೆಯೇ ಜೋರಾಗಿ ಸೊರ್ರೆನ್ನುತ್ತಾರೆ. ನಮ್ಮ ಹಿರಿಯರು ಬಸಿ ಹಿಡಿದು ಕುಡಿಯುವುದನ್ನು ಹಳ್ಳಿಗರ ಅಭ್ಯಾಸ ಎಂದು ನಕ್ಕವರನ್ನು ನೋಡಿದ್ದೇನೆ. ರುಚಿ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಗಿಡ ಒಂದೇ, ಗಾಯ ಬೇರೆ ಬೇರೆ

ಬಿಳಿ, ಹಸಿರು, ಊಲಾಂಗ್, ಕರಿ ಚಹಾ ಎಲ್ಲವೂ ಒಂದೇ ಗಿಡದ ಎಲೆ. ಅದರ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್. ಚೀನಾದ ಸಣ್ಣ ಎಲೆಯದೊಂದು ತಳಿ, ಅಸ್ಸಾಮಿನ ದೊಡ್ಡ ಎಲೆಯದೊಂದು ತಳಿ. ಕೊಯ್ದ ಎಲೆಯನ್ನು ಬೇಗ ಬಿಸಿ ಮಾಡಿದರೆ ಅದರೊಳಗಿನ ಕಿಣ್ವ ಸಾಯುತ್ತದೆ, ಬಣ್ಣ ಹಸಿರಾಗಿಯೇ ಉಳಿಯುತ್ತದೆ. ಎಲೆಯನ್ನು ಹೊಸೆದು, ಜಜ್ಜಿ ಗಾಳಿಗೆ ಬಿಟ್ಟರೆ ಕೊಯ್ದ ಬದನೆಕಾಯಿ ಕಪ್ಪಾಗುವ ಹಾಗೆ ಕಪ್ಪಾಗುತ್ತದೆ. ಅದೇ ಕರಿ ಚಹಾ. ನಡುವೆ ನಿಲ್ಲಿಸಿದರೆ ಊಲಾಂಗ್.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಚಹಾದ ಪರಿಮಳದಲ್ಲಿ ದೊಡ್ಡ ಪಾಲು ಗಿಡಕ್ಕೆ ಆದ ನೋವಿನಿಂದ ಹುಟ್ಟಿದ್ದು.

ಹಸಿರು ಚಹಾದ 'ಹುಲ್ಲಿನ ವಾಸನೆ'ಯನ್ನೇ ನೋಡಿ. ಹೊಲದಲ್ಲಿ ಹಸಿ ಮೇವು ಕೊಯ್ಯುವಾಗ ಗಪ್ಪೆಂದು ಬರುವ ವಾಸನೆ ಹೆಕ್ಸೆನಾಲ್, ಹೆಕ್ಸೆನಾಲ್ಡಿಹೈಡ್ ಎಂಬ ವಸ್ತುಗಳದ್ದು. ಎಲೆ ಹರಿದಾಗ, ಒಳಗಿನ ಕೊಬ್ಬು ಒಡೆದು ಇವು ಹುಟ್ಟುತ್ತವೆ. ಕುಡುಗೋಲು ತಾಗಿದ ಜೋಳದ ಗಿಡದಲ್ಲೂ ಇದೇ, ಬೆರಳು ಚಿವುಟಿದ ಚಹಾ ಕುಡಿಯಲ್ಲೂ ಇದೇ. ಹೋಲಿಕೆ ಎನ್ನುವುದಕ್ಕಿಂತ ಒಂದೇ ವಸ್ತು ಎನ್ನಬೇಕು. ಬೆಳಗಿನ ಹೊತ್ತು ಹಸಿರು ಚಹಾ ಕುಡಿದರೆ ನನಗೆ ಇಬ್ಬನಿ ಆರದ ಬದುವಿನ ಮೇಲೆ ನಡೆದ ಹಾಗೆ ಆಗುವುದು ಇದಕ್ಕೇ.

ಹೂವಿನ ಪರಿಮಳದ ಕಥೆ ಇನ್ನೂ ಚೆನ್ನಾಗಿದೆ. ಎಲೆಯೊಳಗೆ ಲಿನಲೂಲ್, ಜೆರಾನಿಯಾಲ್ ಎಂಬ ಸುಗಂಧ ವಸ್ತುಗಳು ಸಕ್ಕರೆಯ ಜೊತೆ ಕಟ್ಟಿಕೊಂಡು ಇರುತ್ತವೆ. ಕಟ್ಟು ಬಿಚ್ಚುವವರೆಗೂ ವಾಸನೆ ಇಲ್ಲ. ಎಲೆ ಬಾಡಿಸಿ ಹೊಸೆದಾಗ ಜೀವಕೋಶ ಒಡೆದು, ಕಿಣ್ವ ಬಂದು ಕಟ್ಟು ಬಿಚ್ಚುತ್ತದೆ. ಆಗ ಘಮ ಏಳುತ್ತದೆ. ಲಿನಲೂಲ್ ನಮಗೆ ಹೊಸದಲ್ಲ. ಹವೀಜದ, ಅಂದರೆ ಕೊತ್ತಂಬರಿ ಬೀಜದ, ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಇರುತ್ತದೆ. ಹವೀಜ ಕುಟ್ಟುವಾಗ ಖಾರದ ವಾಸನೆಯ ನಡುವೆ ಒಂದು ಹೂವಿನಂಥ ತಂಪು ಬರುತ್ತದಲ್ಲ, ಅದು ಲಿನಲೂಲ್. ಜೆರಾನಿಯಾಲ್ ಗುಲಾಬಿಯಲ್ಲಿದೆ. ಖ್ವಾಜಾ ಬಂದೇ ನವಾಜ್ ದರ್ಗಾದ ಮುಂದೆ ಗುಲಾಬಿಯ ರಾಶಿ ಇಟ್ಟ ಅಂಗಡಿಗಳ ಸಾಲಿನಲ್ಲಿ ನಡೆದವರಿಗೆ ಮಾರ್ಚ್ ತಿಂಗಳ ಡಾರ್ಜಿಲಿಂಗ್ ಚಹಾದ ಪರಿಮಳ ಪೂರ್ತಿ ಅಪರಿಚಿತ ಅಲ್ಲ.

ಡಾರ್ಜಿಲಿಂಗ್‌ನಲ್ಲಿ ವರ್ಷಕ್ಕೆ ಹಲವು ಕೊಯ್ಲು. ಚಳಿಗಾಲ ಮುಗಿದ ಮೇಲಿನ ಮೊದಲ ಕುಡಿ ಹಗುರ, ಹೂವಿನ ಹಾಗೆ. ಮೇ-ಜೂನ್ ಹೊತ್ತಿಗೆ ಬರುವ ಎರಡನೇ ಕೊಯ್ಲಿಗೆ ಹಣ್ಣಾದ ದ್ರಾಕ್ಷಿಯ ವಾಸನೆ ಇರುತ್ತದೆ. ಅದಕ್ಕೆ ಮಸ್ಕಟೆಲ್ ಎನ್ನುತ್ತಾರೆ. ಈ ವಾಸನೆಗೆ ಕಾರಣವಾದವರಲ್ಲಿ ಒಬ್ಬರನ್ನು ನಮ್ಮ ಹತ್ತಿ ಬೆಳೆಗಾರರು ಚೆನ್ನಾಗಿ ಬಲ್ಲರು: ಜಿಗಿಹುಳು. ಹತ್ತಿ ಎಲೆಯ ರಸ ಹೀರಿ ಅಂಚು ಕೆಂಪು ಮಾಡುವ ಹುಳುವಿನ ಬಳಗದವೇ ಚಹಾ ಕುಡಿಯನ್ನೂ ಕಚ್ಚುತ್ತವೆ. ಕಚ್ಚಿಸಿಕೊಂಡ ಗಿಡ ಸುಮ್ಮನಿರುವುದಿಲ್ಲ. ಕೆಲವು ಸುಗಂಧ ವಸ್ತುಗಳನ್ನು ಗಾಳಿಗೆ ಬಿಡುತ್ತದೆ. ಆ ಹುಳುವನ್ನು ತಿನ್ನುವ ಜೇಡದಂಥ ಜೀವಿಗಳಿಗೆ ಅದು ಕರೆ. ನಾವು ಕುಡಿಯುವುದು ಆ ಕರೆಯನ್ನೇ.

ತೈವಾನಿನಲ್ಲಿ ಓರಿಯೆಂಟಲ್ ಬ್ಯೂಟಿ ಎಂಬ ಊಲಾಂಗ್ ಇದೆ. ಜೇನು ಮತ್ತು ಹಣ್ಣಿನ ಘಮದ ದುಬಾರಿ ಚಹಾ. ಅದಕ್ಕೆ ಹುಳು ಕಚ್ಚಲೇಬೇಕು. ಆದ್ದರಿಂದ ಆ ತೋಟಗಳಲ್ಲಿ ಕೀಟನಾಶಕ ಹೊಡೆಯುವ ಹಾಗಿಲ್ಲ. ಯಾದಗಿರಿಯ ಹತ್ತಿ ಹೊಲದಲ್ಲಿ ರೈತನ ನಿದ್ದೆ ಕೆಡಿಸುವ ಹುಳು ಅಲ್ಲಿ ರೈತನ ಜೊತೆಗಾರ. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಒಂದೇ ಜಾತಿಯ ಗಾಯಕ್ಕೆ ಒಂದು ಕಡೆ ಸಾಲ, ಇನ್ನೊಂದು ಕಡೆ ಬೆಲೆ.

ಗಾಳಿ ಮತ್ತು ಚಳಿಯೂ ಗಾಯವೇ. ಶ್ರೀಲಂಕಾದ ಊವಾ ಸೀಮೆಯಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಒಣಗಾಳಿ ಬೀಸುತ್ತದೆ. ನೀರು ಸಾಲದ ಗಿಡದ ಎಲೆಯಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಜಾಸ್ತಿ ಆಗುತ್ತದೆ. ಆ ಚಹಾ ಗಂಟಲಲ್ಲಿ ತಣ್ಣಗೆ ಇಳಿಯುತ್ತದೆ. ನೀಲಗಿರಿಯಲ್ಲಿ ಡಿಸೆಂಬರ್-ಜನವರಿಯ ಹಿಮ ಬೀಳುವ ದಿನಗಳಲ್ಲಿ ಕೊಯ್ದ ಎಲೆಯಲ್ಲೂ ಇದೇ ಜಾತಿಯ ತಂಪು. ಮೀಥೈಲ್ ಸ್ಯಾಲಿಸಿಲೇಟ್ ನಮ್ಮ ಮನೆಗಳಲ್ಲೂ ಇದೆ, ಮೊಣಕಾಲು ನೋವಿಗೆ ಹಚ್ಚುವ ಮುಲಾಮಿನಲ್ಲಿ. ನೀಲಗಿರಿಯ ಚಳಿಗಾಲದ ಚಹಾ ಕುಡಿದು ಅವ್ವ "ಬೀದರಕ್ಕ ಹೋದಾಗ ಮುಂಜಾನಿ ಬಸ್ಸಿನ್ಯಾಗ ಕಿಡಕಿ ತೆಗದಂಗ" ಎಂದಳು. ಚಳಿಗಾಲದ ಬೀದರ ರಾಜ್ಯದ ತಣ್ಣನೆಯ ಊರುಗಳಲ್ಲಿ ಒಂದು. ಬೆಳಗಿನ ಬಸ್ಸಿನ ಕಿಟಕಿಯಿಂದ ನುಗ್ಗುವ ಗಾಳಿಯನ್ನು ಮೂಗಿನ ತುದಿಯಲ್ಲಿ ತಿಂದವರಿಗೆ ಆ ಮಾತಿನ ಬೆಲೆ ಗೊತ್ತು.

ಮಿರಗದ ಮಳೆ, ಸುಣ್ಣದ ನೀರು

ಈಗ ನನಗೆ ಬಹಳ ಇಷ್ಟವಾದ ವಾಸನೆಗೆ ಬರುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿ, ಎರಿ ಭೂಮಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ಜೂನ್ ಮೊದಲ ವಾರ ಕಳೆದ ಮೇಲೆ ಮಿರಗದ ಮಳೆಯ ಮೊದಲ ಹನಿಗಳು ಬೀಳುತ್ತವೆ. ಆಗ ಏಳುವ ವಾಸನೆಗೆ ಊರಿಗೆ ಊರೇ ಅಂಗಳಕ್ಕೆ ಬಂದು ನಿಲ್ಲುತ್ತದೆ.

ಈ ವಾಸನೆಗೆ ವಿಜ್ಞಾನಿಗಳು ಹೆಸರು ಕೊಟ್ಟಿದ್ದು 1964ರಲ್ಲಿ. ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಅದನ್ನು ಪೆಟ್ರಿಕೋರ್ ಎಂದರು. ಕಲ್ಲು, ಮಣ್ಣು ಒಣಗಿದ್ದಾಗ ಹೀರಿಕೊಂಡ ಎಣ್ಣೆಯಂಶ ಮಳೆಗೆ ಗಾಳಿಗೆ ಬರುತ್ತದೆ. ಅದರ ಜೊತೆ ಜಿಯೋಸ್ಮಿನ್ ಎಂಬ ಇನ್ನೊಂದು ವಸ್ತು. ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಸೂಕ್ಷ್ಮಜೀವಿಗಳು ಇದನ್ನು ಮಾಡುತ್ತವೆ. ಮನುಷ್ಯನ ಮೂಗಿಗೆ ಇದು ಎಷ್ಟು ಬೇಗ ತಿಳಿಯುತ್ತದೆ ಎಂದರೆ, ಲಕ್ಷ ಕೋಟಿ ಪಾಲು ನೀರಿನಲ್ಲಿ ಕೆಲವೇ ಪಾಲು ಇದ್ದರೂ ಸಾಕು. ಉತ್ತರ ಪ್ರದೇಶದ ಕನ್ನೌಜ್‌ನವರು ಸುಟ್ಟ ಮಣ್ಣಿನಿಂದ ಈ ಘಮವನ್ನು ಗಂಧದ ಎಣ್ಣೆಗೆ ಇಳಿಸಿ ಮಿಟ್ಟಿ ಅತ್ತರು ಮಾಡುತ್ತಾರೆ. ವಿಜ್ಞಾನಿಗಳು ಹೆಸರಿಡುವ ಮುಂಚೆಯೇ ಅವರು ಅದನ್ನು ಸೀಸೆಗೆ ತುಂಬಿದ್ದರು.

ಚಹಾದಲ್ಲಿ ಈ ನೆನಪು ತರುವುದು ಚೀನಾದ ಯುನ್ನಾನ್ ಪ್ರಾಂತ್ಯದ ಪು-ಅರ್. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಮುಚ್ಚಿ ವಾರಗಟ್ಟಲೆ ಕಳಿಯಲು ಬಿಡುತ್ತಾರೆ. ಈ ರೀತಿ ರೂಢಿಗೆ ಬಂದದ್ದು 1970ರ ದಶಕದಲ್ಲಿ. ನಮ್ಮಲ್ಲಿ ತಿಪ್ಪೆಗೊಬ್ಬರ ಒಳಗೊಳಗೇ ಬಿಸಿಯಾಗುವುದನ್ನು ನೋಡಿದವರಿಗೆ ಈ ರಾಶಿಯ ಕೆಲಸ ಬೇಗ ಅರ್ಥವಾಗುತ್ತದೆ. ಶಿಲೀಂಧ್ರಗಳು ಎಲೆಯನ್ನು ಬದಲಾಯಿಸಿ ಮೆಥಾಕ್ಸಿ ಬೆಂಜೀನ್ ಗುಂಪಿನ ವಸ್ತುಗಳನ್ನು ಹೆಚ್ಚಿಸುತ್ತವೆ. ಹಳೆ ತೊಲೆ, ಒದ್ದೆ ಮಣ್ಣು, ನೆಲದೊಳಗೆ ಕಾಳು ಕಾಪಿಡುವ ಹಗೆಯ ಮಳೆಗಾಲದ ಬಾಯಿ. ಮೊದಲ ಗುಟುಕಿಗೆ ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಎರಡನೇ ಸಲ ಹಿಡಿಸಿತು, ಹೊರಗೆ ಮಳೆ ಬರುತ್ತಿದ್ದಾಗ.

ಇದೇ ಘಮ ಬೇಕಿದ್ದರೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡುವ ಅಂಗಡಿಗಳು ಈಗ ಕಲಬುರಗಿಯಲ್ಲೂ ಇವೆ. ಬಣ್ಣ, ಹೊಳಪು ಇಲ್ಲದ ಹೊಸ ಕುಡಿಕೆಗೆ ಬಿಸಿ ಚಹಾ ಬಿದ್ದಾಗ, ಒಣ ನೆಲಕ್ಕೆ ಹನಿ ಬಿದ್ದಾಗ ಆಗುವುದೇ ಸಣ್ಣ ಪ್ರಮಾಣದಲ್ಲಿ ಆಗುತ್ತದೆ. ಕುಡಿಯುವ ಮೊದಲು ಒಂದು ಕ್ಷಣ ಮೂಗಿನ ಹತ್ತಿರ ಹಿಡಿಯಿರಿ. ಆ ಕ್ಷಣ ಹೋದರೆ ಮತ್ತೆ ಸಿಗುವುದಿಲ್ಲ.

ನೀರಿನ ಮಾತು ಆಡದೆ ಚಹಾದ ಮಾತು ಮುಗಿಯುವುದಿಲ್ಲ, ಅದರಲ್ಲೂ ನಮ್ಮ ಕಡೆ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ನೆಲದ ಕೆಳಗೆ ಸುಣ್ಣದ ಕಲ್ಲು. ಮನೆಮನೆಗೆ ಹಾಸುವ ಶಹಾಬಾದ್ ಫರಸಿ, ವಾಡಿಯ ಸಿಮೆಂಟು ಎರಡಕ್ಕೂ ಅದೇ ಮೂಲ. ಆ ಕಲ್ಲಿನ ನಡುವಿನ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ. ತಂಗಿ ಕಳಿಸಿದ ಡಾರ್ಜಿಲಿಂಗ್ ಎಲೆಯನ್ನು ಮೊದಲ ಸಲ ನಾನು ಇಂಥ ನೀರಿನಲ್ಲಿ ಮಾಡಿದೆ. ಕಪ್ಪಿನ ಮೇಲೆ ಎಣ್ಣೆಯಂಥ ತೆಳು ಪೊರೆ ಕಟ್ಟಿತು. ಬಣ್ಣ ಮಂಕು, ವಾಸನೆ ಇಲ್ಲವೇ ಇಲ್ಲ. ಹಳೆಯ ಎಲೆ ಕೊಟ್ಟಿದ್ದಾರೆ ಎಂದು ಅಂಗಡಿಯವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ತಪ್ಪು ನೀರಿನದ್ದಾಗಿತ್ತು.

ಆ ಪೊರೆ ಎಣ್ಣೆಯಲ್ಲ. ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಇರುವಾಗ ಚಹಾದ ಒಗರಿನ ವಸ್ತುಗಳು ಗಾಳಿ ತಾಗಿ ಮೇಲೆ ಪೊರೆಯಾಗುತ್ತವೆ. ಅದಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ. ಪೊರೆ ಕರಗುತ್ತದೆ, ಮಂಕು ಕಂದು ಬಣ್ಣ ಹೊನ್ನಿನ ಹಾಗೆ ತಿಳಿಯಾಗುತ್ತದೆ. ಮದುವೆ ಊಟ ಆದ ಮೇಲೆ ಕೊಡುವ ಸುಲೇಮಾನಿ ಚಹಾಕ್ಕೆ ನಿಂಬೆ ಹಿಂಡುವವರು ರುಚಿಗೆಂದೇ ಹಿಂಡುತ್ತಾರೆ. ನಮ್ಮ ನೀರಿಗೆ ಅದು ಔಷಧಿಯೂ ಹೌದು. ನಿಂಬೆ ಬೇಡ ಎನ್ನುವವರು ಹಿಂದಿನ ದಿನವೇ ನೀರನ್ನು ಚೆನ್ನಾಗಿ ಕುದಿಸಿ ಇಡಬಹುದು. ಸುಣ್ಣದ ಒಂದು ಪಾಲು ಪಾತ್ರೆಯ ತಳಕ್ಕೆ ಬಿಳಿಯಾಗಿ ಕೂರುತ್ತದೆ. ಮೇಲಿನ ತಿಳಿನೀರು ಬಸಿದುಕೊಂಡು ಮತ್ತೆ ಬಿಸಿ ಮಾಡಿದರೆ ಎಲೆಗೆ ಅರ್ಧ ನ್ಯಾಯ ಸಿಗುತ್ತದೆ.

ಬೀದರಿನ ಕಥೆ ಬೇರೆ. ಅಲ್ಲಿನ ಕೋಟೆ ಕಟ್ಟಿದ ಕೆಂಪು ಜಂಬಿಟ್ಟಿಗೆಯಲ್ಲಿ ಕಬ್ಬಿಣದ ಅಂಶ ಹೆಚ್ಚು. ಸುಣ್ಣದ ಅಂಶ ಲಕ್ಷಾಂತರ ವರ್ಷದ ಮಳೆಗೆ ತೊಳೆದು ಹೋಗಿದೆ. ಆ ಕಲ್ಲಿನೊಳಗೆ ಇಂಗಿದ ಮಳೆನೀರು ಕೆಳಗಿನ ಕರಿಕಲ್ಲು ತಾಗಿದ ಕಡೆ ಝರಿಯಾಗಿ ಹೊರಬರುತ್ತದೆ. ನಾನಕ ಝೀರಾ ಇಂಥ ಝರಿಯೇ. ಬೀದರಿನ ಗೆಳೆಯನ ಮನೆಯ ಬಾವಿನೀರಿನಲ್ಲಿ ಅದೇ ಡಾರ್ಜಿಲಿಂಗ್ ಎಲೆ ಹಾಕಿದೆ. ದರ್ಗಾದ ಗುಲಾಬಿ ಅಂಗಡಿಯ ಮಾತು ನನಗೆ ಹೊಳೆದದ್ದು ಆಗಲೇ, ಕಲಬುರಗಿಯಲ್ಲಿ ಅಲ್ಲ.

ಎಲೆ ಚಹಾ ಮಾಡುವುದಕ್ಕೆ ದೊಡ್ಡ ವಿಧಿ ಏನಿಲ್ಲ. ಒಂದು ಕಪ್ಪಿಗೆ ಒಂದು ಸಣ್ಣ ಚಮಚ ಎಲೆ. ಕರಿ ಚಹಾಕ್ಕೆ ಕುದಿಯುವ ನೀರು, ಮೂರ್ನಾಲ್ಕು ನಿಮಿಷ. ಹಸಿರು ಚಹಾಕ್ಕೆ 70ರಿಂದ 80 ಡಿಗ್ರಿ ಸಾಕು. ಕುದಿದ ನೀರನ್ನು ಸ್ವಲ್ಪ ಹೊತ್ತು ಆರಲು ಬಿಟ್ಟರೆ ಆಯಿತು. ಅದಕ್ಕಿಂತ ಬಿಸಿ ಆದರೆ ಕಹಿ ಮುಂದೆ ಬರುತ್ತದೆ, ಹುಲ್ಲು ಹಿಂದೆ ಸರಿಯುತ್ತದೆ.

ಹಾಗಾದರೆ ನಮ್ಮ ಕಡಕ್ ಚಾ? ಅದರ ಮೇಲಿನ ನನ್ನ ಪ್ರೀತಿ ಒಂದಿಷ್ಟೂ ಕಡಿಮೆ ಆಗಿಲ್ಲ. ಅದಕ್ಕೆ ಹಾಕುವುದು ಸಿಟಿಸಿ ಪುಡಿ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿದ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಉಂಡೆ ಮಾಡುತ್ತದೆ. ಬಣ್ಣ, ಒಗರು ಬೇಗ ಬಿಡುತ್ತದೆ. ಹೂವಿನ ಸೂಕ್ಷ್ಮ ಘಮ ಅದರಲ್ಲಿ ಕಡಿಮೆ, ಉಳಿದದ್ದೂ ಕುದಿಯುವಾಗ ಹಾರಿಹೋಗುತ್ತದೆ. ಹಾಲಿನ ಕೇಸಿನ್ ಎಂಬ ಪ್ರೋಟೀನ್ ಒಗರನ್ನು ಹಿಡಿದು ಮೆತ್ತಗೆ ಮಾಡುತ್ತದೆ. ಹೀಗಾಗಿ ಹಾಲು, ಸಕ್ಕರೆ, ಶುಂಠಿಯ ನಡುವೆಯೂ ತಲೆ ಎತ್ತಿ ನಿಲ್ಲುವ ಚಹಾ ಬೇಕಾದರೆ ಸಿಟಿಸಿಯೇ ಬೇಕು. ಬೆಳಗಿನ ಐದು ಗಂಟೆಗೆ ಬಸ್ ಸ್ಟ್ಯಾಂಡಿನ ಎದುರು ಅದನ್ನು ಕುಡಿದರೆ ಯಾವ ಕಾಡೂ ನೆನಪಾಗುವುದಿಲ್ಲ. ಊರು ಎದ್ದಿದೆ ಎನಿಸುತ್ತದೆ, ಅಷ್ಟೇ ಸಾಕು ಅಲ್ವಾ?

ಹುರಿದ ಚಹಾಗಳ ಬಗ್ಗೆ ಹೇಳಲೇಬೇಕು. ಜಪಾನಿನ ಹೊಜಿಚಾ ಎಂದರೆ ಹಸಿರು ಚಹಾವನ್ನು ಕಂದು ಬಣ್ಣ ಬರುವವರೆಗೆ ಹುರಿದದ್ದು. ಗೆನ್‌ಮೈಚಾದಲ್ಲಿ ಹುರಿದ ಅಕ್ಕಿ ಸೇರಿರುತ್ತದೆ, ಒಂದಷ್ಟು ಕಾಳು ಅರಳಿರುತ್ತವೆ. ಹುರಿಯುವಾಗ ಸಕ್ಕರೆ ಮತ್ತು ಅಮೈನೋ ಆಮ್ಲ ಸೇರಿ ಪೈರಜೀನ್ ಎಂಬ ವಸ್ತುಗಳಾಗುತ್ತವೆ. ಹುರಿದ ಶೇಂಗಾದ ವಾಸನೆ ಅವುಗಳದ್ದೇ. ಹಂಚಿನ ಮೇಲೆ ಜೋಳದ ರೊಟ್ಟಿಗೆ ಕಂದು ಚುಕ್ಕೆ ಬೀಳುವಾಗಲೂ ಇದೇ ಕ್ರಿಯೆ ನಡೆಯುತ್ತದೆ. ಗೆನ್‌ಮೈಚಾ ಕುಡಿದಾಗ ಅವ್ವ ಮತ್ತು ನಾನು ಇಬ್ಬರೂ ಒಟ್ಟಿಗೇ "ಸೀತನಿ" ಎಂದೆವು. ಹಸಿ ಜೋಳದ ತೆನೆಯನ್ನು ಹೊಲದಲ್ಲೇ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಕಾಳಿಗೆ ಶೇಂಗಾ ಹಿಂಡಿ ಕಲಸಿ ತಿನ್ನುವ ಸುಖ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಸುಟ್ಟದ್ದರ ಪಕ್ಕದಲ್ಲೇ ಹಸಿಯದ್ದು ಇರುವುದು ಸೀತನಿಯ ಗುಣ. ಆ ಚಹಾದ ಗುಣವೂ ಅದೇ.

ಈಗ ನಮ್ಮ ಅಡುಗೆಮನೆಯ ಡಬ್ಬಿಗಳ ಮೇಲೆ ಕಾಗದದ ಚೀಟಿ ಅಂಟಿಸಿದ್ದೇವೆ. ತೊಗರಿ ಕಟಗಿ. ಹಸಿ ಮೇವು. ಬೀದರ ಬಸ್ಸು. ಮಿರಗ. ಸೀತನಿ. ಅಕ್ಷರ ನನ್ನದು, ಹೆಸರು ಅವ್ವನದು.

ಒಂದು ಡಬ್ಬಿಗೆ ಮಾತ್ರ ಬಹಳ ದಿನ ಚೀಟಿ ಇರಲಿಲ್ಲ. ಅದು ಜಪಾನಿನ ಗ್ಯೊಕುರೊ. ಕೊಯ್ಲಿಗೆ ಸುಮಾರು 20 ದಿನ ಮೊದಲು ಗಿಡಗಳ ಮೇಲೆ ನೆರಳು ಕಟ್ಟುತ್ತಾರೆ. ಬಿಸಿಲಿದ್ದರೆ ಎಲೆಯೊಳಗಿನ ಥಿಯಾನಿನ್ ಎಂಬ ಅಮೈನೋ ಆಮ್ಲ ಒಗರಿನ ವಸ್ತುವಾಗಿ ಬದಲಾಗುತ್ತದೆ. ನೆರಳಿನಲ್ಲಿ ಹಾಗೇ ಉಳಿಯುತ್ತದೆ. ಆದ್ದರಿಂದ ಈ ಚಹಾ ಗಟ್ಟಿ ಬೇಳೆಕಟ್ಟಿನ ಹಾಗೆ ಸವಿಯಾಗಿರುತ್ತದೆ. ಇದರ ಪರಿಮಳವನ್ನು ಎಲ್ಲರೂ ಕಡಲಿನ ಗಾಳಿ ಎನ್ನುತ್ತಾರೆ. ಕಾರಣ ಡೈಮೀಥೈಲ್ ಸಲ್ಫೈಡ್. ಕಡಲ ತೀರದ ಗಾಳಿಯಲ್ಲಿ ನಿಜವಾಗಿ ಇರುವ ವಸ್ತುವೇ ಇದು.

ಅವ್ವ ಕಡಲು ಕಂಡಿಲ್ಲ. ಕೃಷ್ಣೆ ಕಂಡಿದ್ದಾಳೆ, ಭೀಮೆ ಕಂಡಿದ್ದಾಳೆ. ಈ ಚಹಾಕ್ಕೆ ಅವಳು ಹೆಸರು ಕೊಡಲಾರಳು ಎಂದುಕೊಂಡೇ ಬಸಿಗೆ ಹಾಕಿ ಕೊಟ್ಟೆ. ಅವ್ವ ಎರಡು ಸಲ ಮೂಸಿದಳು, ಒಂದು ಗುಟುಕು ಎಳೆದಳು. "ಗೊಂಜಾಳ ತೆನಿ ಕುದಿಸಿ ಬೋಗಾಣಿ ಮುಚ್ಚಳ ತೆಗದಂಗ ಅದ" ಎಂದಳು.

ಅದು ಸಮಾಧಾನಕ್ಕೆ ಹೇಳಿದ ಮಾತು ಎಂದುಕೊಂಡು ಡಬ್ಬಿ ಮುಚ್ಚಿಟ್ಟೆ. ಆಮೇಲೊಂದು ರಾತ್ರಿ ಆ ವಸ್ತುವಿನ ಬಗ್ಗೆ ಓದುತ್ತಿದ್ದೆ. ಕಡಲ ಗಾಳಿಯಲ್ಲಿ ಇರುತ್ತದೆ ಎಂದಿತ್ತು. ಅದರ ಮುಂದೆಯೇ ಇನ್ನೊಂದು ಸಾಲು: ಕುದಿಸಿದ ಮೆಕ್ಕೆಜೋಳದ ತೆನೆಗೆ ಅದರ ವಾಸನೆ ಬರುವುದೂ ಮುಖ್ಯವಾಗಿ ಇದರಿಂದಲೇ. ಎದ್ದು ಹೋಗಿ, ದೀಪ ಹಾಕಿ, ಆ ಡಬ್ಬಿಗೆ ಚೀಟಿ ಅಂಟಿಸಿದೆ.